ಚನ್ನವೀರ ಹೇಳದ ಹೆಸರು

ದೇವದುರ್ಗದ ಸಭೆಯಲ್ಲಿ, ಊರೂರು ತಿರುಗಿ ಭಾಷಣ ಮಾಡುವ ಮುಖಂಡ ಚನ್ನವೀರ ದುರ್ಗಾಳ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ತನ್ನ ಅಕ್ಕನ ಮಗ ಓದಿ ಓದಿ ಕಣ್ಣು ಕಳೆದುಕೊಂಡ, ಆದರೂ ಲೆಕ್ಚರರ್ ನೌಕರಿ ಸಿಗಲಿಲ್ಲ ಎಂದ. ಆ ಕುರ್ಚಿಯಲ್ಲಿ ಇದೇ ಊರಿನ ಕಾಲೇಜಿನ ಒಬ್ಬಾಕೆ ಕೂತಿದ್ದಾಳೆ, ಬೋರ್ಡಿನ ಮೇಲೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬಾರದು, ಜಾತಿ ಒಂದೇ ಆಕೆಯ ಡಿಗ್ರಿ ಎಂದ. ಆಮೇಲೆ ಮೈಕಿನಿಂದ ತುಸು ಹಿಂದೆ ಸರಿದು, "ಯಾರಾಕಿ?" ಎಂದು ಕೇಳಿ ಸುಮ್ಮನಾದ. ಜನರೇ ಹೆಸರು ಕೂಗಿದರು.

ದುರ್ಗಾ ಆ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಮಾನ್ವಿ ತಾಲ್ಲೂಕಿನ ಮಲ್ಲಟದವಳು. ತಾಯಿ ಗೋಪಮ್ಮ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಮಗಳನ್ನು ಎಂ.ಎ. ಓದಿಸಿದ್ದಳು, ಈಗ ಮಗಳ ಜೊತೆ ದೇವದುರ್ಗದ ಬಾಡಿಗೆ ಮನೆಯಲ್ಲಿದ್ದಳು. ಸಭೆಯ ಮರುದಿನ ತರಗತಿ ಅರ್ಧ ಖಾಲಿಯಿತ್ತು. ಆ ವಾರದ ಸಂತೆಯಲ್ಲಿ ಯಾರೋ ಗೋಪಮ್ಮನ ಬೆನ್ನಿಗೆ ಸಗಣಿ ಎರಚಿ, "ಲೆಕ್ಚರರ್ ಅವ್ವ ಬಂದ್ಲು" ಎಂದು ನಕ್ಕರು. ಆಕೆ ಮನೆಗೆ ಬಂದು, ಮಗಳಿಗೆ ಏನೂ ಹೇಳದೆ ಸೀರೆ ಒಗೆದು ಒಣಹಾಕಿದಳು. ದುರ್ಗಾಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ.

ಪೊಲೀಸ್ ಠಾಣೆಯಲ್ಲಿ, "ಅವ್ರು ನಿಮ್ಮ ಹೆಸರೇ ಹೇಳಿಲ್ಲಲ್ರೀ ಮೇಡಂ" ಎಂದರು.

ದುರ್ಗಾ ಅಲ್ಲಿಂದ ಹೊರಬಂದಾಗ ಅವಳಿಗೆ ನ್ಯಾಯದ ಆಸೆ ಉಳಿದಿರಲಿಲ್ಲ. ಜನರೆದುರು ಅವನ ಬಾಯಿ ಕಟ್ಟುವುದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಜಾಲಹಳ್ಳಿಯಲ್ಲಿ ಅವನ ಸಭೆಯಾದಾಗ ಸೆರಗು ಹೊದ್ದು ಹೆಂಗಸರ ನಡುವೆ ಕೂತಳು. ಅವನು ಅರಚುತ್ತಾನೆಂದು ತಿಳಿದಿದ್ದಳು. ಆದರೆ ಅವನು ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ ಶುರು ಮಾಡಿದ. ಕೇಳಿಸಿಕೊಳ್ಳಲು ಜನ ಮುಂದಕ್ಕೆ ಬಾಗಿದರು. ಓದಿದ ಮಗ ಮನೆಯಲ್ಲಿ ಕೂತಾಗ ತಾಯಿ ಅವನ ತಟ್ಟೆಗೆ ರೊಟ್ಟಿ ಹಾಕುವ ರೀತಿಯನ್ನು ಹೇಳಿದ. ಅದು ನಿಜವಾದ ಸಂಕಟ. ದುರ್ಗಾಳ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಆ ಸಂಕಟಕ್ಕೆ ಒಬ್ಬ ಅಪರಾಧಿಯನ್ನು ತೋರಿಸಿ ಅವನು ಮಾತು ನಿಲ್ಲಿಸಿದ. ಉಳಿದದ್ದನ್ನು ಜನ ತಾವೇ ಹೇಳಿದರು. ತಮ್ಮ ಬಾಯಿಂದ ಬಂದ ಮಾತನ್ನು ಯಾರು ತಾನೇ ಸುಳ್ಳೆನ್ನುತ್ತಾರೆ?

ಮುಂದಿನ ಭಾನುವಾರ ಅವಳು ರಾಯಚೂರಿನ ಬಸ್ಸು ಹತ್ತಿದಳು. ಚನ್ನವೀರನ ಅಕ್ಕನ ಮಗ ಗಡಿಗೆಪ್ಪ ಎಂ.ಎ. ಓದುವಾಗ ಯರಗೇರಾದ ಕ್ಯಾಂಪಸ್ಸಿನಲ್ಲಿ ಅವಳ ಸಹಪಾಠಿಯಾಗಿದ್ದ. ಈಗ ಸ್ಟೇಷನ್ ರಸ್ತೆಯಲ್ಲಿ ಸೋದರಮಾವ ಹಾಕಿಕೊಟ್ಟ ಮೊಬೈಲ್ ಅಂಗಡಿಯಲ್ಲಿ ಕೂರುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿನ್ನ ಹೆಸರು ಕೆಡಿಸು ಅಂತ ನಾ ಹೇಳಿಲ್ಲ ದುರ್ಗಾ."

"ನೀ ಲೆಕ್ಚರರ್ ನೌಕರಿ ಪರೀಕ್ಷಾನೇ ಬರ್ದಿಲ್ಲಲ್ಲ. ಯಾಕ ಸುಮ್ಮನದಿ?"

"ಅವತ್ತು ಮಾಮನ ಮೆರವಣಿಗಿ ಇತ್ತು. ಝಂಡಾ ಹಿಡಿಯಾಕ ಕರ್ಕೊಂಡು ಹೋದ. ಈಗ ನನ್ನ ಕಣ್ಣು ಹೋಗ್ಯಾವಂತ ಊರೂರಾಗ ಹೇಳಾಕತ್ತಾನ. ನನಗ ಹೆಣ್ಣು ಕೊಡೋರಿಲ್ಲ."

"ಮಾನ್ವ್ಯಾಗ ನಿಮ್ಮ ಮಾಮನ ಸಭಾ ಅದ. ಅಲ್ಲಿಗೆ ಬಾ. ಇಷ್ಟೇ ಹೇಳು."

ಅವನು ಒಪ್ಪಿದ. ಹೇಳಿದರೆ ಅಂಗಡಿ ಕೈತಪ್ಪುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ದುರ್ಗಾಗೆ ಹೊಳೆದಿತ್ತು. ಅವಳು ಹೇಳಲಿಲ್ಲ.

ಮಾನ್ವಿಯ ಮೈದಾನ ತುಂಬಿತ್ತು. ಚನ್ನವೀರ ರೊಟ್ಟಿಯ ಮಾತಾಡಿದ, ಅಳಿಯನ ಕಣ್ಣಿನ ಮಾತಾಡಿದ, ಹಿಂದೆ ಸರಿದು, "ಯಾರಾಕಿ?" ಎಂದ.

"ನಾನ್ರೀ," ಎಂದು ದುರ್ಗಾ ಎದ್ದು ನಿಂತಳು. ಕೂಗಲಿಲ್ಲ. ಸುತ್ತಲಿನವರು ಶ್ ಎಂದು ಒಬ್ಬರನ್ನೊಬ್ಬರು ಸುಮ್ಮನಾಗಿಸಿದರು. "ದುರ್ಗಾ ಅಂತ. ಇದೇ ತಾಲೂಕಿನ ಮಲ್ಲಟದಾಕಿ. ಓದಿ ಖಾಲಿ ಕುಂತ ಮಕ್ಳು ನಿಮ್ಮ ಮನ್ಯಾಗೂ ಅದಾರ, ನಮ್ಮ ಓಣ್ಯಾಗೂ ಅದಾರ. ಆ ಸಂಕಟ ಖರೇನ. ಆದ್ರ ಇವ್ರ ಅಳಿಯ ಪರೀಕ್ಷಾ ದಿನ ಎಲ್ಲಿದ್ದ? ಇಲ್ಲೇ ಬಂದಾನ. ಕೇಳೋಣೇನ್ರೀ?"

ಮಾತು ನಿಲ್ಲಿಸಿದಳು. ಮುಂದೆ ಕೂತ ಮುದುಕನೊಬ್ಬ, "ಕೇಳ್ರಿ, ಅದಕೇನು" ಎಂದ. ಮೈದಾನವೆಲ್ಲ "ಕೇಳ್ರಿ" ಎಂದಿತು.

ಗಡಿಗೆಪ್ಪ ಚಹಾದಂಗಡಿಯ ಕಡೆಯಿಂದ ಬಂದ. "ಮಾಮಾ, ಅವತ್ತು ನಿನ್ನ ಮೆರವಣಿಗ್ಯಾಗ ಝಂಡಾ ಹಿಡ್ದಿದ್ನಲ್ಲ. ಪರೀಕ್ಷಾ ಮುಂದಿನ ವರ್ಷ ಬರೀವಂತಿ ಅಂದಿದ್ದಿ. ನನ್ನ ಕಣ್ಣು ಚಲೋ ಅದಾವ."

ಯಾರೋ ಒಬ್ಬರು ನಕ್ಕರು. ಆಮೇಲೆ ಹೆಂಗಸರ ಸಾಲು ನಕ್ಕಿತು. ಚನ್ನವೀರ ಮೈಕಿಗೆ ಬಾಯಿ ಹಚ್ಚಿ ಅರಚಿದ. ದನಿ ಒಡೆಯಿತು, ನಗು ಹೆಚ್ಚಾಯಿತು. ದುರ್ಗಾ ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದ ಆ ವಿಡಿಯೋ ಅವನಿಗಿಂತ ಮೊದಲೇ ಊರೂರು ತಲುಪಿತು. ಮುಂದಿನ ಸಭೆಗಳಲ್ಲಿ ಅವನು ಉಸಿರು ತೆಗೆದುಕೊಳ್ಳಲು ನಿಂತರೂ ಹುಡುಗರು "ಮೆರವಣಿಗಿ, ಮೆರವಣಿಗಿ" ಎನ್ನುತ್ತಿದ್ದರು. ಕರೆಯುವವರು ಕಡಿಮೆಯಾದರು. ಗಡಿಗೆಪ್ಪನ ಅಂಗಡಿಗೆ ಬೀಗ ಬಿತ್ತು. ಅವನು ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದ. ದುರ್ಗಾ ಫೋನ್ ಮಾಡಿದರೆ ಎತ್ತಲಿಲ್ಲ. ಅದು ಅವಳನ್ನು ಚುಚ್ಚಿತು. ಮಾನ್ವಿಗೆ ಹೋಗಬಾರದಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ಬೇಸಿಗೆಯಲ್ಲಿ ಒಂದು ಸಂಜೆ ಚನ್ನವೀರ ಅವಳ ಮನೆಗೇ ಬಂದ. ಸೊರಗಿದ್ದ.

"ಆಗಿದ್ದು ಆಯ್ತು ತಂಗೀ. ಚುನಾವಣಿ ಬಂತು. ಇಬ್ಬರ ನಡುವ ಏನಿಲ್ಲ ಅಂತ ನೀ ಒಂದು ಮಾತು ಹೇಳಿದ್ರ ಸಾಕು. ಇಲ್ಲೇ ನಿಮ್ಮವ್ವನ ಕಾಲು ಹಿಡೀತೀನಿ."

"ನಾಕು ಗೋಡಿ ನಡುವ ಬೈದಿದ್ರ ನಾಕು ಗೋಡಿ ನಡುವ ಕೇಳ್ಕೊಂತಿದ್ದೆ," ಎಂದಳು ದುರ್ಗಾ. "ಸಂತ್ಯಾಗ ಮೈಕ್ ಹಾಕ್ಸ್ರಿ. ಅಲ್ಲಿ ಹಿಡೀರಿ."

ಅವನು ಗೋಪಮ್ಮನ ಕಡೆ ನೋಡಿದ. "ಯವ್ವಾ, ನೀವರ ಹೇಳ್ರಿ."

ಗೋಪಮ್ಮ ಕಾಳು ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ. "ಹೊತ್ತು ಮುಳುಗಾಕತ್ತದ," ಎಂದಳು. "ಬಸ್ಸು ತಪ್ಪತದ, ಹೋಗಿ ಬರ್ರಿ."

ಅವನು ಓಣಿ ದಾಟುವವರೆಗೂ ದುರ್ಗಾ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಬಹಳ ದಿನಗಳ ನಂತರ ಚೆನ್ನಾಗಿ ಹಸಿವಾಗಿತ್ತು.