ಎಡಭುಜ, ಬಲಭುಜ

ಓಬಮ್ಮನ ರವಿಕೆ ಎರಡನೇ ಸಲ ವಾಪಸ್ಸು ಬಂದಾಗ ಹೇಮಾವತಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ತರೀಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಅವಳು ಕತ್ತರಿಸಿದ ರವಿಕೆ ಹೀಗೆ ಹಿಂದಿರುಗಿದ್ದು ಅಪರೂಪ.

ಈಚೆಗೆ ಕಡೂರಿನಲ್ಲೂ ಅಜ್ಜಂಪುರದಲ್ಲೂ ಒಂದೊಂದು ಮಳಿಗೆ ಹಿಡಿದಿದ್ದಳು. ಅಲ್ಲಿ ಅಳತೆ ತೆಗೆಯುವುದಷ್ಟೇ, ಹೊಲಿಗೆಯೆಲ್ಲ ತರೀಕೆರೆಯಲ್ಲಿ. ಮೊದಮೊದಲು ಅಳತೆಯ ಚೀಟಿಗಳು ಬಸ್ಸಿನಲ್ಲಿ ಬರುತ್ತಿದ್ದವು, ಕೆಲವು ಬರುತ್ತಲೇ ಇರಲಿಲ್ಲ. ಆಗ ಕಡೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾದಿನಿ ಅನುಪಮಾ ಒಂದು ಡೇಟಾಬೇಸ್ ಮಾಡಿಕೊಟ್ಟಳು. ಡೇಟಾಬೇಸಿಗೆ ಸಂಖ್ಯೆ ಗೊತ್ತು, ತಾರೀಖು ಗೊತ್ತು. ರವಿಕೆಯ ಅಳತೆ ಅಂದರೇನೆಂದು ಗೊತ್ತಿರಲಿಲ್ಲ. ಅದಕ್ಕೇ ಅವಳು 'ಅಳತೆ' ಎಂಬ ಹೊಸ ಟೈಪೊಂದನ್ನು, ಅಂದರೆ ಮಾಹಿತಿಯ ಹೊಸ ಜಾತಿಯೊಂದನ್ನು, ತಾನೇ ಕಟ್ಟಿದ್ದಳು. ಉದ್ದ, ಎದೆ, ಸೊಂಟ, ತೋಳು, ಭುಜ ಐದೂ ಸೇರಿ ಒಂದು. ಮಳಿಗೆಯವರು ಫೋನಿನಲ್ಲಿ ತುಂಬಿದರೆ ಸಾಕು, ತರೀಕೆರೆಯಲ್ಲಿ ಕತ್ತರಿ ಆಡುತ್ತಿತ್ತು.

ರವಿಕೆ ವಾಪಸ್ಸು ಬಂದ ಮಾರನೆಯ ದಿನವೇ ಹೇಮಾವತಿ, ಓಬಮ್ಮ ಅಳತೆ ಕೊಟ್ಟಿದ್ದ ಕಡೂರಿನ ಮಳಿಗೆಗೆ ಹೋದಳು. ಸಿಂಗಟಗೆರೆಯಿಂದ ಓಬಮ್ಮನನ್ನೂ ಕರೆಸಿದ್ದಳು. ಅರವತ್ತು ದಾಟಿದ ಹೆಂಗಸು, ಬಂದವಳೇ ಸ್ಟೂಲಿನ ಮೇಲೆ ಕೂತು ನಕ್ಕಳು.

"ಬಲಗಡೆ ಜಾರ್ತದೆ ಕಣವ್ವ. ನಿಂದೊಂದೇ ಅಲ್ಲ, ಯಾರು ಹೊಲಿದ್ರೂ ಅಷ್ಟೇ. ಚಿಕ್ಕೋಳಿದ್ದಾಗ ಹುಣಸೆಮರದಿಂದ ಬಿದ್ದಿದ್ದೆ. ಮೂಳೆ ಕೂಡ್ತು, ಆದ್ರೆ ಗಿಡ್ಡವಾಗಿ ಕೂಡ್ತು."

"ಅಯ್ಯೋ, ಬಾಳ ನೋವಾಗಿತ್ತೇನೋ."

"ನಂಗಿಂತ ನಮ್ಮಕ್ಕಂಗೆ ಜಾಸ್ತಿ. ನಾನು ಬಿದ್ದಿದ್ದು ಅವಳ ಮೇಲೆ!"

ಹೇಮಾವತಿ ಕತ್ತಿನ ಬುಡದಿಂದ ಟೇಪು ಹಿಡಿದಳು. ಎಡಕ್ಕೆ ಐದೂವರೆ ಇಂಚು, ಬಲಕ್ಕೆ ನಾಲ್ಕೂವರೆ. ಮಳಿಗೆ ನೋಡಿಕೊಳ್ಳುವ ಉಚ್ಚಂಗಮ್ಮನ ಕಡೆ ತಿರುಗಿದಾಗ ಅವಳ ಮುಖ ಚಿಕ್ಕದಾಗಿತ್ತು.

"ನಂಗೆ ಗೊತ್ತಿತ್ತಕ್ಕಾ. ಫೋನಲ್ಲಿ ಶೋಲ್ಡರ್‌ಗೆ ಒಂದೇ ಖಾನೆ ಐತಲ್ಲ, ಅದಕ್ಕೆ ಎರಡನ್ನೂ ಕೂಡಿ ಅರ್ಧ ಮಾಡಿ ಐದು ಅಂತ ಹಾಕ್ದೆ."

"ಸರಿಹೋಯ್ತು! ಎರಡು ಭುಜಕ್ಕೂ ಆಗದಂಗೆ ಹೊಲಿದುಕೊಟ್ಟಿದೀನಿ," ಎಂದು ಹೇಮಾವತಿ ನಕ್ಕುಬಿಟ್ಟಳು.

ಸಂಜೆ ಅನುಪಮಾ ಕಾಲೇಜು ಮುಗಿಸಿ ಬಂದು ಲ್ಯಾಪ್‌ಟಾಪ್ ತೆರೆದಳು. ಎಲ್ಲ ವಿವರಗಳ ನಕಲೊಂದನ್ನು ಮೊದಲು ತೆಗೆದಿಟ್ಟಳು. ಭುಜದ ಖಾನೆ ಸಂಖ್ಯೆ ಬಿಟ್ಟು ಬೇರೇನೂ ಒಪ್ಪುತ್ತಿರಲಿಲ್ಲ. ಅದನ್ನು ಅಕ್ಷರದ ಖಾನೆಯಾಗಿ ಬದಲಿಸಿದರೆ 'ಎಡ ಐದೂವರೆ, ಬಲ ನಾಲ್ಕೂವರೆ' ಎಂದು ಬರೆದುಬಿಡಬಹುದು ಅನ್ನಿಸಿತು. ಡೇಟಾಬೇಸ್ ಒಪ್ಪಲಿಲ್ಲ. ಗಿರಾಕಿಗಳ ಪಟ್ಟಿ ಈ ಟೈಪನ್ನು ಬಳಸುತ್ತಿದೆ, ಬದಲಿಸಲಾಗದು ಎಂದಿತು. ಇನ್ನೊಮ್ಮೆ ಪ್ರಯತ್ನಿಸಿದಳು, ಅದೇ ಉತ್ತರ. ಉಚ್ಚಂಗಮ್ಮ ತಂದಿಟ್ಟ ಟೀ ಆರಿತು. ಆಮೇಲೆ ಅವಳಿಗೆ ಹೊಳೆಯಿತು: ಇರುವ ಖಾನೆಯ ಜಾತಿ ಬದಲಿಸಲು ಬಿಡದಿದ್ದರೂ ಹೆಸರು ಬದಲಿಸಬಹುದು, ಪಕ್ಕದಲ್ಲಿ ಹೊಸದೊಂದನ್ನು ಸೇರಿಸಬಹುದು.

"ಅತ್ತಿಗೆ, ನೀವು ಭುಜ ಯಾವ ಕಡೆ ಅಳೀತೀರಿ?"

"ಎಡಗಡೆ. ಇವರಿಗೂ ಹಂಗೇ ಕಲಿಸಿರೋದು."

ಅನುಪಮಾ 'ಭುಜ'ವನ್ನು 'ಎಡಭುಜ' ಎಂದು ಮಾಡಿದಳು, 'ಬಲಭುಜ' ಎಂಬುದನ್ನು ಸೇರಿಸಿದಳು. ಈ ಸಲ ಡೇಟಾಬೇಸ್ ತಕರಾರಿಲ್ಲದೆ ಒಪ್ಪಿತು. ಹಳೆಯ ಸಾವಿರದ ನಾನೂರು ಗಿರಾಕಿಗಳ ಅಳತೆಯಲ್ಲೂ ಹೊಸ ಖಾನೆ ಮೂಡಿತು, ಎಲ್ಲ ಖಾಲಿ ಖಾಲಿ.

"ಎಡಗಡೇದನ್ನೇ ಬಲಕ್ಕೂ ತುಂಬಿಬಿಡ್ತೀನಿ. ಒಂದು ನಿಮಿಷದ ಕೆಲಸ."

"ಬಲಗಡೆ ಯಾರು ಅಳೆದ್ರು?"

"ಯಾರೂ ಅಳೆದಿಲ್ಲ. ಎರಡೂ ಒಂದೇ ಇರುತ್ತಲ್ಲ ಅತ್ತಿಗೆ."

"ಟೇಪು ಇಡದೆ ಇಂಚು ಬರೀಬಾರದು ಕಣೇ ಅನು. ಖಾಲಿ ಬಿಡು. ಅವರು ಬಂದಂಗೆ ಅಳೆಯೋಣ."

ಅನುಪಮಾಗೆ ಅದು ವೃಥಾ ಕೆಲಸ ಅನ್ನಿಸಿತು, ಆದರೂ ಓಬಮ್ಮನ ಎರಡು ಅಳತೆಗಳನ್ನಷ್ಟೇ ಸರಿಯಾಗಿ ತುಂಬಿ ಕೈ ಹಿಂತೆಗೆದಳು.

ಗುರುವಾರ ಓಬಮ್ಮ ಬಂದು ಪರದೆಯ ಹಿಂದೆ ಹೊಸ ರವಿಕೆ ತೊಟ್ಟಳು. ಹೊರಗೆ ಬಂದು ಎರಡೂ ಕೈ ಮೇಲೆತ್ತಿದಳು, ಇಳಿಸಿದಳು, ಬಗ್ಗಿ ಎದ್ದಳು.

"ಅವ್ವಯ್ಯಾ, ಅಲ್ಲಾಡ್ತಾನೇ ಇಲ್ಲ ಕಣೇ ಇದು!" ಎಂದು ಕನ್ನಡಿಯ ಮುಂದೆ ಇನ್ನೊಂದು ಸುತ್ತು ತಿರುಗಿದಳು. ಇನ್ನೆರಡು ಹೊಲಿಯಿರಿ ಎಂದು ಚೀಲದಿಂದ ಬಟ್ಟೆ ತೆಗೆದಳು.

ತಿಂಗಳೊಳಗೆ ಇನ್ನೂರು ಚಿಲ್ಲರೆ ಗಿರಾಕಿಗಳ ಬಲಭುಜ ತುಂಬಿತು. ಅವರಲ್ಲಿ ಮೂವತ್ತೊಂದು ಜನರಿಗೆ ಎರಡೂ ಕಡೆ ಒಂದೇ ಇರಲಿಲ್ಲ. ಅಜ್ಜಂಪುರದಿಂದ ಫೋನ್ ಬಂತು: ಯಾರೋ ಟೀಚರು ಇಪ್ಪತ್ತು ವರ್ಷದಿಂದ ತಮ್ಮ ದರ್ಜಿಗಳನ್ನೆಲ್ಲ ಬೈದುಕೊಂಡು ಬಂದಿದ್ದರಂತೆ, ಈಗ ಎಲ್ಲರ ಕ್ಷಮೆ ಕೇಳಬೇಕು ಅಂದರಂತೆ.

ಆ ಮೂವತ್ತೊಂದು ಜನರ ಪಟ್ಟಿ ನೋಡಲು ತರೀಕೆರೆಗೆ ಬಂದ ಅನುಪಮಾಳನ್ನು ಹೇಮಾವತಿ ಕನ್ನಡಿಯ ಮುಂದೆ ನಿಲ್ಲಿಸಿದಳು.

"ನಂದು ಬೇಡ ಬಿಡಿ ಅತ್ತಿಗೆ, ನಂದು ಸಮ ಇದೆ."

"ನಿಲ್ಲೇ ಸುಮ್ನೆ." ಹೇಮಾವತಿ ಎರಡು ಸಲ ಟೇಪಿಟ್ಟಳು. "ಬಲಗಡೆ ಕಾಲಿಂಚು ಕಮ್ಮಿ."

ಅನುಪಮಾ ನಂಬದೆ ತಾನೇ ಟೇಪು ಕಸಿದುಕೊಂಡು ನೋಡಿದಳು. ಆಮೇಲೆ ಫೋನ್ ತೆಗೆದು, ನಗುತ್ತಲೇ ತನ್ನ ಹೆಸರಿನ ಮುಂದೆ ಬಲಭುಜದ ಖಾನೆಯಲ್ಲಿ ಟೇಪು ತೋರಿಸಿದ ಸಂಖ್ಯೆಯನ್ನು ಬರೆದಳು.