ನೀಲ್ ಇಸಮ್ ಅವರ ಮಗಳು

ಕೆಟಲಿನ ಮುಚ್ಚಳ ಕಟಕಟ ಅನ್ನುತ್ತಿದೆ, ಆವಿ ಕಿಟಕಿಯ ಗಾಜಿಗೆ ಹತ್ತಿ ಆಚೆಯ ಕಡಲು ಕರಗಿಹೋಗಿದೆ, ಈ ಮುದುಕ ಯಾಕೆ ಎದ್ದು ಅದನ್ನು ಇಳಿಸುವುದಿಲ್ಲ — ಡೀಲಿಯಾ ಟಾರ್ಪಿ ಕುರ್ಚಿಯ ತುದಿಯಲ್ಲಿ ಕೂತು ಮಡಿಲಲ್ಲಿದ್ದ ಕಾಗದದ ಮಡಿಕೆಯನ್ನು ಉಗುರಿನಿಂದ ತೀಡುತ್ತಿದ್ದಾಳೆ, ಹನ್ನೊಂದು ವರ್ಷದಿಂದ ಇದೇ ಕಾಗದ, ಅಮೆರಿಕದ ಲೋವೆಲ್ ಊರಿನ ಹಳೆಯ ಮದುವೆ ದಾಖಲೆಯ ನಕಲು, ವಧು ಸಬೀನಾ ಟೂಲ್, ವಯಸ್ಸು ಹತ್ತೊಂಬತ್ತು, ಕಸುಬು ಗಿರಣಿ, ಹುಟ್ಟಿದ್ದು ಐರ್ಲೆಂಡ್, ತಂದೆ ನೀಲ್ ಇಸಮ್, ತಾಯಿಯ ಜಾಗದಲ್ಲಿ ಬರೇ ಎರಡು ಗೀಟು, ಮೇಲಿನದೇ ಅಂತ ಅರ್ಥ. ತನ್ನ ಮುತ್ತಜ್ಜನ ತಾಯಿ. ಹಸಿವಿನ ವರ್ಷಗಳಲ್ಲಿ ಐರ್ಲೆಂಡಿನ ಈ ದಂಡೆಯಿಂದಲೇ ಹಡಗು ಹತ್ತಿದವಳು, ಆಲೂಗೆಡ್ಡೆ ನೆಲದಲ್ಲೇ ಕೊಳೆತು ನಾರುತ್ತಿದ್ದಾಗ ಓಟ್ಸು ಬೆಣ್ಣೆ ಹಂದಿ ಎಲ್ಲ ಬಂದರಿನಿಂದ ಕಾವಲಿನಲ್ಲಿ ಹೊರಗೆ ಹೋಗುತ್ತಿತ್ತು, ಅದನ್ನು ಬರ ಅಂತ ಬರೆದರಲ್ಲ ಬರೆಯುವ ಕೈ ಇದ್ದವರು, ಅನ್ನ ಇದ್ದ ನಾಡಿನಲ್ಲಿ ಜನ ಹುಲ್ಲು ತಿಂದು ತುಟಿ ಹಸಿರಾಗಿ ಸತ್ತರೆ ಅದು ಬರವಂತೆ — ಡೀಲಿಯಾಗೆ ಈ ಸಿಟ್ಟು ಹಳೆಯದು, ಅವಳ ಮನೆಯವರಿಗೆ ಮಾತ್ರ ಸಿಟ್ಟಿರಲಿಲ್ಲ, ಜಂಬ ಇತ್ತು. ಇಸಮ್ ಅಂದರೆ ಜಮೀನ್ದಾರರ ಹೆಸರು, ದೊಡ್ಡಮನೆಯ ಹುಡುಗ ಗೇಣಿಯವನ ಮಗಳ ಕೈ ಹಿಡಿದು ಆಸ್ತಿ ಕಳಕೊಂಡ, ಮಗಳಿಗೆ ತಾಯಿಮನೆಯ ಟೂಲ್ ಹೆಸರೇ ಉಳಿಯಿತು, ಹಾಗಂತ ಅಜ್ಜ ಪ್ರತಿ ಹಬ್ಬಕ್ಕೂ ವಿಸ್ಕಿ ಲೋಟ ಎತ್ತಿ ಹೇಳುತ್ತಿದ್ದ, ನೀಲ್‌ಗೆ ಜಯವಾಗಲಿ, ಎಲ್ಲರೂ ನೀಲ್‌ಗೆ ಜಯವಾಗಲಿ, ಮುತ್ತಜ್ಜ ನೀಲ್, ಅಜ್ಜ ನೀಲ್, ಅಪ್ಪ ನೀಲ್, ಅಣ್ಣ ನೀಲ್. ಸಬೀನಾಳ ಗೋರಿಗೆ ಇಷ್ಟು ವರ್ಷ ಕಲ್ಲಿರಲಿಲ್ಲ, ಈಗ ಅಣ್ಣ ಮಾಡಿಸಿದ್ದಾನೆ, ಅವಳ ಹೆಸರಿನ ಕೆಳಗೆ ಅಪ್ಪ ಅಮ್ಮನಿಗೆ ಎರಡು ಸಾಲು ಖಾಲಿ ಬಿಡಿಸಿದ್ದಾನೆ, ಭಾನುವಾರ ನಿಲ್ಲಿಸಬೇಕು, ಇವತ್ತು ಬುಧವಾರ. ನೀಲ್ ಯಾರಂತ ಖಾತ್ರಿ ಮಾಡ್ಕೊ, ಅಮ್ಮನ ಹೆಸರು ಹುಡುಕು, ಅಷ್ಟು ಸಾಕು ಕಣೇ, ಸಿಗದೆ ಬರಬೇಡ, ಅಂದಿದ್ದ ವಿಮಾನ ನಿಲ್ದಾಣದಲ್ಲಿ, ಆಮೇಲೆ ಪಾಸ್‌ಪೋರ್ಟ್ ಸಾಲಿನಲ್ಲಿ ಮಗು ಎತ್ತಿಕೊಂಡು ತಡವರಿಸುತ್ತಿದ್ದ ಹೆಂಗಸನ್ನು ನೋಡಿ, ಇವರಿಗೆ ಅವರಪ್ಪ ಯಾರು ಅಂತಾನೇ ಗೊತ್ತಿರಲ್ಲ ನೋಡು, ಬಾಯಿಗೆ ಬಂದದ್ದು ಬರೆಸ್ತಾರೆ, ನಮ್ಮೋರು ಹಂಗೆ ಬರಲಿಲ್ಲಪ್ಪ.

ಟೂಲ್‌ಗಳ ವಂಶ ಬೇಕಾ, ಫೆಸ್ಟಿ ಹತ್ರ ಹೋಗಿ, ಪುಸ್ತಕದಲ್ಲಿ ಇಲ್ಲದ್ದು ಅವನ ಬಾಯಲ್ಲಿದೆ, ಅಂದಿದ್ದರು ಪಾದ್ರಿ, ಅದಕ್ಕೇ ಇಲ್ಲಿ, ಚರ್ಚಿನ ಗಂಟೆ ಬಾರಿಸುವ ಫೆಸ್ಟಿ ಮ್ಯಾನಿಯನ್‌ನ ಅಡುಗೆಮನೆಯಲ್ಲಿ, ಒಲೆಯಲ್ಲಿ ಉರಿಯುವ ಪೀಟ್ ಮಣ್ಣಿನ ಹೊಗೆ ಕಣ್ಣಿಗೆ ಹತ್ತುತ್ತಿದೆ, ಕೊನೆಗೂ ಎದ್ದ, ಕೆಟಲು ಇಳಿಸಿದ, ಕನ್ನಡಕ ಎಲ್ಲೋ, ಬೆಕ್ಕಿಗೇ ಗೊತ್ತು, ನೀನೇ ಹೇಳು ಯಾಂಕಿ, ನಿಮ್ಮ ಹುಡುಗಿಯ ಅಪ್ಪನ ಹೆಸರೇನು. ನೀಲ್ ಇಸಮ್, ಅಂದಳು. ಗೊತ್ತಿಲ್ವಾ, ಕಾಗದ ನಿನ್ನ ಕೈಲೇ ಇದೆಯಲ್ಲೇ ಮಗಳೇ, ಓದು. ಓದ್ತಾನೇ ಇದೀನಿ, ನೀಲ್ ಇಸಮ್. ಮುದುಕ ನಕ್ಕ, ಇದ್ದ ನಾಲ್ಕು ಹಲ್ಲೂ ಕಾಣುವ ಹಾಗೆ, ಅಬ್ಬಾ, ಎಲ್ಲಿ ಕಲಿತೆ ನಮ್ಮ ಐರಿಷ್ ಮಾತು, ರಾಗ ಸಮೇತ ಬಂತಲ್ಲ, ಸರಿ, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ, ತಾಯಿ ಹೆಸರು ಹೇಳು. ಅವಳು ಎದ್ದು ಕಾಗದವನ್ನು ಅವನ ಮೂಗಿನ ಹತ್ತಿರ ಹಿಡಿದಳು, ಹೆಸರು ಕಣಜ್ಜ ಇದು, ಅಪ್ಪನ ಹೆಸರು, ಬರೆದಿದ್ದಾರೆ. ಅವನು ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ, ತುಟಿ ಅಲ್ಲಾಡಿಸಿದ, ನಗು ಮುಖದಿಂದ ಇಳಿದುಹೋಯಿತು. ಹೆಸರಲ್ಲ ಮಗಳೇ. ನೀಲ್ ಇಸಮ್, ಗೊತ್ತಿಲ್ಲ, ನಾನು ದಿನಕ್ಕೆ ನೂರು ಸಲ ಅಂತೀನಿ, ಮಳೆ ಬರುತ್ತಾ ನೀಲ್ ಇಸಮ್, ಬೆಕ್ಕು ಎಲ್ಲಿ ನೀಲ್ ಇಸಮ್.

ನೀಲ್ ಇಸಮ್ — ಹೊರಗೆ ಕಡಲಪಾಚಿ ಹೇರಿಕೊಂಡ ಟ್ರ್ಯಾಕ್ಟರ್ ಗಡಗಡ ಹೋಗುತ್ತಿದೆ, ಚಹಾ ಕುಡಿ ತಣ್ಣಗಾಗುತ್ತೆ, ಅನ್ನುತ್ತಿದ್ದಾನೆ ಮುದುಕ, ನಾಲ್ಕು ತಲೆಮಾರು ಲೋಟ ಎತ್ತಿದ್ದು ಗೊತ್ತಿಲ್ಲಕ್ಕೆ, ಜಯ ಹೇಳಿದ್ದು ಗೊತ್ತಿಲ್ಲಕ್ಕೆ, ತಾನು ಹನ್ನೊಂದು ವರ್ಷ ಜಮೀನ್ದಾರರ ಕಡತಗಳಲ್ಲಿ ಹುಡುಕಿದ್ದು ಗೊತ್ತಿಲ್ಲವನ್ನು. ಹಾಗಾದರೆ ಅವಳಿಗೆ ಅಪ್ಪ ಯಾರೂಂತ ತಿಳಿದಿರಲಿಲ್ಲವಾ, ಅಂತ ಕೇಳಿದ್ದು ತಾನೇ, ದನಿ ಬೇರೆ ಯಾರದೋ ಅನ್ನಿಸಿತು, ಮುದುಕನಿಗೆ ರೇಗಿತು, ಏನಂತ ಮಾತಾಡ್ತೀಯ, ಈ ದಂಡೇಲಿ ಅಪ್ಪನ ಹೆಸರು ಗೊತ್ತಿಲ್ದಿರೋ ಮಗು ಹುಟ್ಟೇ ಇಲ್ಲ, ಕೂಗೋದೇ ಅಪ್ಪನ ಹೆಸರು ಸೇರಿಸಿ, ನಾನು ಫೆಸ್ಟಿ ಟಾಮ್ ಕೋಲ್ಮನ್, ಟಾಮನ ಮಗ, ಕೋಲ್ಮನ್‌ನ ಮೊಮ್ಮಗ, ನಾಲ್ಕು ವರ್ಷದ ಕೂಸೂ ಹಂಗೇ ಹೇಳುತ್ತೆ. ಅವಳಿಗೆ ಅಪ್ಪ ಗೊತ್ತಿದ್ದ, ಇಂಗ್ಲಿಷ್ ಗೊತ್ತಿರಲಿಲ್ಲ. ಮದುವೆ ಬರ್ಕೊಳ್ಳೋ ಗುಮಾಸ್ತ ಕೇಳಿದ್ದು ಏನೂಂತ ಗೊತ್ತಿಲ್ಲ ಅಂದಳು, ಅಷ್ಟೇ. ಆ ಸಾಹೇಬ ಅದನ್ನೇ ಬರಕೊಂಡ. ಹೌದು, ಹೀಗೇ ಆಗಿರಬೇಕು, ಮೇಜು, ಮಸಿ, ಹಿಂದೆ ಸಾಲು, ಗಿರಣಿಯ ಹತ್ತಿಯ ಎಳೆ ಕೂದಲಲ್ಲಿ ಇನ್ನೂ ಅಂಟಿರುವ ಹುಡುಗಿ, ತಂದೆಯ ಹೆಸರು, ಕೇಳಿಸುತ್ತಾ, ತಂದೆಯ ಹೆಸರು, ಅಪ್ಪನ ಹೆಸರು ಅವಳದೇ ಹೆಸರಿನ ಬಾಲವಾಗಿ ನಾಲಿಗೆ ತುದಿಯಲ್ಲಿ ಕೂತಿದೆ, ಆದರೆ ಈ ಮನುಷ್ಯ ಏನು ಕೇಳುತ್ತಿದ್ದಾನೆ, ನೀಲ್ ಇಸಮ್, ಅವನು ಬರೆದ, ಬರೆದದ್ದನ್ನು ಓದಿ ಹೇಳಿದ, ನೀಲ್ ಇಸಮ್, ಸರಿಯಾ, ಪರಕೀಯನ ಬಾಯಲ್ಲಿ ತನ್ನ ಮಾತು ಕೇಳಿ ಅವಳಿಗೆ ಆಶ್ಚರ್ಯವಾಗಿರಬೇಕು, ಇವನಿಗೂ ಗೊತ್ತಿಲ್ಲವಂತೆ ಅಂದುಕೊಂಡಳೇನೋ, ತಲೆಯಾಡಿಸಿದಳು. ಎಂಥ ದುರಹಂಕಾರಿ ಅವನು, ಎಂಥ ಕಿವುಡ, ಒಂದು ಕ್ಷಣ ತಲೆಯೆತ್ತಿ ಆ ಮುಖ ನೋಡಿದ್ದರೆ, ಇನ್ನೊಂದು ಸಲ ಮೆಲ್ಲಗೆ ಕೇಳಿದ್ದರೆ, ಸಾಲು ಉದ್ದವಿತ್ತು, ಊಟದ ಹೊತ್ತಾಗಿತ್ತು, ಅಷ್ಟೇ ತಾನೇ — ಸಾಲು ಉದ್ದವಿತ್ತು.

ಊಟದ ಹೊತ್ತಾಗಿತ್ತು, ಡೀಲಿಯಾಗೆ ಆಗ ಇಪ್ಪತ್ತನಾಲ್ಕು, ಲೋವೆಲ್‌ನದೇ ಆಸ್ಪತ್ರೆ, ಹೆಸರು ಬರೆಯುವ ಮೇಜು, ಅಲ್ಲಿ ಮೂವತ್ತು ವರ್ಷ ಕೂತವಳು ಅವಳು, ಆ ಚಳಿಗಾಲ ಯುದ್ಧದಿಂದ ತಪ್ಪಿಸಿಕೊಂಡ ಕಾಂಬೋಡಿಯಾದವರು ಬಂದಿಳಿಯುತ್ತಿದ್ದರು, ದಾನದ ಕೋಟು ಹಾಕಿಕೊಂಡು, ಅದರ ಉದ್ದದ ತೋಳು ಮಡಚಿಕೊಂಡು, ಕೆಂಡದಂಥ ಜ್ವರದ ಕೂಸು ಎತ್ತಿಕೊಂಡಿದ್ದ ಹುಡುಗಿ, ಹತ್ತೊಂಬತ್ತೇ ಇರಬೇಕು, ನಿನ್ನ ತಂದೆಯ ಹೆಸರು, ಡೀಲಿಯಾ ಕೇಳಿದಳು, ಜೋರಾಗಿ ಕೇಳಿದರೆ ಅರ್ಥವಾಗುತ್ತದೆ ಅನ್ನುವ ಹಾಗೆ ಜೋರಾಗಿ, ತಂ-ದೆ, ಹುಡುಗಿ ಮೆಲ್ಲಗೆ ಏನೋ ಅಂದಳು, ಒತ್ ಡೆಂಗ್, ಡೀಲಿಯಾ ಬರೆದಳು. ಮಧ್ಯಾಹ್ನ ಇನ್ನೊಬ್ಬಳು, ಒತ್ ಡೆಂಗ್. ಮಾರನೆ ದಿನ ಒಬ್ಬ ಮುದುಕ, ಒತ್ ಡೆಂಗ್. ಪಕ್ಕದ ಕುರ್ಚಿಯ ಗೆಳತಿ ಬಾಯಿಗೆ ಕೈ ಅಡ್ಡ ಇಟ್ಟು, ಅಯ್ಯೋ ಈ ಡೆಂಗಪ್ಪ ಊರೆಲ್ಲ ಮಕ್ಕಳು ಮಾಡಿದಾನಲ್ಲೇ, ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದರು. ವಾರ್ಡು ಗುಡಿಸುತ್ತಿದ್ದ ಕಾಂಬೋಡಿಯಾದ ಹೆಂಗಸನ್ನು ಆಮೇಲೆ ಎಷ್ಟು ವರ್ಷ ಎಷ್ಟು ಸಲ ಕೇಳಿದ್ದಾಳೆ, ಬೀಗದಕೈ ಎಲ್ಲಮ್ಮಾ, ಡಾಕ್ಟರು ಹೋದರಾ, ಅವಳು ಹೆಗಲು ಕುಣಿಸಿ ನಗುತ್ತಿದ್ದಳು, ಒತ್ ಡೆಂಗ್, ಡೀಲಿಯಾಗೂ ಬಾಯಿಪಾಠವಾಗಿತ್ತು ಅದು, ತಾನೂ ಹೆಗಲು ಕುಣಿಸಿ ಒತ್ ಡೆಂಗ್ ಅನ್ನುತ್ತಿದ್ದಳು, ಅವರ ಮಾತಲ್ಲಿ ಗೊತ್ತಿಲ್ಲ, ಗೊತ್ತಿಲ್ಲ, ಆದರೂ ಒಂದು ದಿನವೂ ಆ ಮಾತನ್ನು ಕಡತದ ಹತ್ತಿರ ತಂದಿಟ್ಟು ನೋಡಲಿಲ್ಲ, ಈ ಕ್ಷಣದವರೆಗೆ, ಈ ಹೊಗೆ ತುಂಬಿದ ಅಡುಗೆಮನೆಯವರೆಗೆ. ಎಷ್ಟು ಕಡತ. ಇವತ್ತು ಯಾವ ಮೊಮ್ಮಗಳು ಎಲ್ಲಿ ಕೂತು ಹುಡುಕುತ್ತಿದ್ದಾಳೆ ಡೆಂಗ್ ಅನ್ನುವವನನ್ನು, ಯಾರ ಮನೆಯ ಗಂಡುಮಗುವಿಗೆ ಆ ಹೆಸರಿಟ್ಟಿದ್ದಾರೆ.

ಮೇಜಿನ ಮೇಲೆ ಫೋನು ನಡುಗುತ್ತಿದೆ, ಅಣ್ಣ, ಎತ್ತಿದಳು, ಸಿಕ್ತೇನೇ, ಕಲ್ಲು ಕೆತ್ತೋನು ಎದುರಿಗೇ ಕೂತಿದಾನೆ, ಬೇಗ ಹೇಳು, ನೀಲ್ ಇಸಮ್ ತಾನೇ, ಅದೇ ಕೆತ್ತಿಸಲಾ, ಡೀಲಿಯಾ, ಕೇಳಿಸ್ತಿದೆಯಾ — ಇಲ್ಲ ಅನ್ನಬೇಕು, ಕೆತ್ತಿಸಬೇಡ ಖಾಲಿ ಬಿಡು ಅನ್ನಬೇಕು, ಫೆಸ್ಟಿ ಎದುರಿಗೆ ಬಟ್ಟಲು ಹಿಡಿದು ನಿಂತಿದ್ದಾನೆ, ಏನಾಯ್ತು ಮಗಳೇ, ಆಸ್ಪತ್ರೆಯ ಮೇಜಿನಾಚೆ ಆ ಹುಡುಗಿ, ಜ್ವರದ ಕೂಸನ್ನು ಇನ್ನೊಂದು ತೋಳಿಗೆ ಬದಲಾಯಿಸಿದಳು, ಡೀಲಿಯಾ ಪೆನ್ನಿನ ತುದಿಯಿಂದ ತಾನು ಬರೆದದ್ದನ್ನು ತೋರಿಸಿ, ಒತ್ ಡೆಂಗ್, ಸರಿಯಾ, ಅಂದಳು, ಹುಡುಗಿ ಅವಳ ಮುಖ ನೋಡಿದಳು, ಸಣ್ಣಗೆ ನಕ್ಕಳು, ತಲೆಯಾಡಿಸಿದಳು, ಸರಿಯಾ, ತಲೆಯಾಡಿಸಿದಳು, ತಲೆಯಾಡಿಸಿದಳು