ಬಾಸೆಲಿನ ಶುಕ್ರವಾರ

ಆಮೋಸ್ ಮಾವ ಬಾಸೆಲ್ ನೋಡಿದವನಲ್ಲ. ಆದರೂ ಒಮಾನಿನ ಅಲ್ ಅಮೇರಾತಿನಲ್ಲಿದ್ದ ಅವನ ಫ್ಲ್ಯಾಟಿನ ಶೋಕೇಸಿನಲ್ಲಿ, ಮಂಗಳೂರಿನಿಂದ ಹೊತ್ತು ತಂದ ಬಾಸೆಲ್ ಮಿಶನಿನ ಹಳೇ ಹೆಂಚೊಂದು ಪ್ರತಿಷ್ಠಾಪನೆಗೊಂಡಿತ್ತು. ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ಪರದೇಶದ ಪಾದ್ರಿಗಳ ಊರು ಅದು. ಅಲ್ಲಿರುವವರೆಲ್ಲ ಪ್ರೊಟೆಸ್ಟೆಂಟರು, ಅಂದರೆ ನಮ್ಮವರು ಎಂದು ಅವನ ನಂಬಿಕೆ. ಕೆಥೊಲಿಕರ ಮೂರ್ತಿ, ಮೇಣದಬತ್ತಿ ಕಂಡರೆ ಮೂಗು ಮುರಿಯುವ ಮನುಷ್ಯ ಹೆಂಚಿನ ಧೂಳನ್ನು ಮಾತ್ರ ಭಕ್ತಿಯಿಂದ ಒರೆಸುತ್ತಿದ್ದ. ತಂಗಿಯ ಮಗಳು ಕ್ಯಾರೆನ್ ಒಳಗೊಳಗೇ ನಗುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆಯ ಮಾತು ಮಾವನ ಕೈಯಲ್ಲಿತ್ತು. ಅವಳು ಮೆಚ್ಚಿದ ರೋಲ್ವಿನ್ ಕೊಂಕಣಿ ಕೆಥೊಲಿಕ್ ಹುಡುಗ. ಹತ್ತಿರದ ರೂವಿಯಲ್ಲಿ ಎರಡೂ ಪಂಗಡದ ಚರ್ಚುಗಳು ಒಂದೇ ಆವರಣದಲ್ಲಿವೆ. ಅವನಿನ್ನೂ ಒಮಾನಿನಲ್ಲಿದ್ದಾಗ, ಅಲ್ಲಿ ಪಾರ್ಕಿಂಗಿಗೆ ಜಾಗ ಹುಡುಕುವಾಗ ಆದ ಪರಿಚಯ. ಆಚೆ ಕಡೆಯವರಿಗೆ ಮಾವ ನಮಸ್ಕಾರ ಹೇಳಿದವನಲ್ಲ. ಅವರ ಕ್ರಿಸ್ಮಸ್ ಕೇಕನ್ನು ಮಾತ್ರ ಪಂಗಡ ಕೇಳದೆ ತಿನ್ನುತ್ತಿದ್ದ.

ಈ ಮದುವೆ ಆಗದು ಎಂದವನು, ಹುಡುಗ ಈಗ ಬಾಸೆಲಿನಲ್ಲೇ ಕೆಲಸದಲ್ಲಿದ್ದಾನೆಂದು ತಿಳಿದದ್ದೇ ಮೆತ್ತಗಾದ. ಆ ಊರಿನಲ್ಲಿ ಯಾವನು ತಾನೇ ಕೆಥೊಲಿಕನಾಗಿ ಉಳಿದಾನು? ಆದರೆ ಒಂದು ಶರತ್ತು: ಅಲ್ಲಿನ ನಮ್ಮವರ ದೊಡ್ಡ ಚರ್ಚಿನ ಕಿಕ್ಕಿರಿದ ಆರಾಧನೆಯನ್ನು ಹುಡುಗ ವೀಡಿಯೊ ಕಾಲಿನಲ್ಲಿ ತೋರಿಸಬೇಕು. ಬರುವ ಶುಕ್ರವಾರವೇ. ಇಲ್ಲದಿದ್ದರೆ ಖಲಾಸ್.

ಒಮಾನಿನಲ್ಲಿ ರಜೆ ಶುಕ್ರವಾರ, ಹಾಗಾಗಿ ಅವರ ಆರಾಧನೆಯೂ ಶುಕ್ರವಾರ. ವರ್ಷಗಟ್ಟಲೆ ಹಾಗೇ ನಡೆದು, ಲೋಕವೆಲ್ಲ ಭಾನುವಾರ ಚರ್ಚಿಗೆ ಹೋಗುತ್ತದೆಂಬುದೇ ಮಾವನಿಗೆ ಮರೆತಿತ್ತು. ಕ್ಯಾರೆನ್ ಹೇಳಹೊರಟಳು, ಅವನು ಕೈಯೆತ್ತಿ ತಡೆದ. ಅವನೆದುರು ಎರಡನೆಯ ಸಲ ಬಾಯಿ ತೆರೆಯುವುದು ಅವಳಿಂದಾಗದ ಕೆಲಸ.

ಆ ಶುಕ್ರವಾರ ರೋಲ್ವಿನ್ ಮಾಡಿದ ವೀಡಿಯೊ ಕಾಲಿನಲ್ಲಿ ಕೆಂಪು ಕಲ್ಲಿನ ಭಾರೀ ಚರ್ಚು ಕಾಣಿಸಿತು. ಒಳಗೆ ಸಾಲು ಸಾಲು ಖಾಲಿ ಕುರ್ಚಿ. ಚಾವಣಿಯ ಫೋಟೋ ಹೊಡೆಯುವ ಪ್ರವಾಸಿಗರಿಬ್ಬರು.

“ಜನ ಎಲ್ಲಿ ಮಾರಾಯ?”

“ಅಂಕಲ್, ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಯಾವ ಧರ್ಮವೂ ಇಲ್ಲ. ಉಳಿದದ್ದರಲ್ಲಿ ನಿಮ್ಮವರು ಎಷ್ಟೋ, ನಮ್ಮವರೂ ಹೆಚ್ಚುಕಡಿಮೆ ಅಷ್ಟೇ.”

“ನಿಮ್ಮವರು ಹೊಕ್ಕಿದಲ್ಲೆಲ್ಲ ಹೀಗೇ ಆಗುದು,” ಎಂದ ಮಾವನ ಬೆರಳು ಕೆಂಪು ಗುಂಡಿಯ ಕಡೆಗೆ ಹೋಯಿತು. ಆ ಬೆರಳಿನಡಿ ಕ್ಯಾರೆನ್‌ಗೆ ತನ್ನ ಮದುವೆಯೇ ಕಂಡಿತು.

“ಮಾವ, ಇವತ್ತು ಶುಕ್ರವಾರ. ಅಲ್ಲಿಯವರ ಆರಾಧನೆ ಭಾನುವಾರ ಅಲ್ವಾ?”

ಮಾವನ ಮುಖ ಒಮ್ಮೆ ಬಿಳಿಚಿತು. ಮರುಕ್ಷಣವೇ ಅದೆಲ್ಲಿಂದಲೋ ರಂಗು ಬಂತು.

“ಅದೇ ನಾನು ಹೇಳುದು. ಭಾನುವಾರ ಅಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ, ಗೊತ್ತುಂಟಾ? ಇವನನ್ನು ಮದುವೆಯಾಗಿ ಹೋಗು ನೀನು. ನಮ್ಮವರು ಒಬ್ಬರು ಹೆಚ್ಚಾದ ಹಾಗೂ ಆಯ್ತು.”

ರೋಲ್ವಿನ್ ಏನೋ ಹೇಳಲು ಬಾಯಿ ತೆರೆದ. ಕ್ಯಾರೆನ್ ಬೇಡವೆಂದು ಕಣ್ಣು ಮಿಟುಕಿಸಿದಳು. ಅದೇ ಚರ್ಚಿನ ಭಾನುವಾರವನ್ನೂ ಅವನು ಅವಳಿಗೆ ತೋರಿಸಿದ್ದ: ಮುಂದಿನ ಸಾಲಿನಲ್ಲಿ ನಾಲ್ಕಾರು ಅಜ್ಜಿಯರು, ಹಿಂದೆಲ್ಲ ಇದೇ ಖಾಲಿ ಕುರ್ಚಿಗಳು. ಇಷ್ಟು ಸುಲಭಕ್ಕೆ ಉಬ್ಬುವವನಿಗೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಾವ ಹೆಂಚನ್ನು ಒರೆಸಿ ಅವಳ ಮಡಿಲಲ್ಲಿಟ್ಟ. ಹೋಗುವಾಗ ಕೊಂಡುಹೋಗಬೇಕಂತೆ, ಬಾಸೆಲಿನ ಜನ ಕಂಡು ಕಣ್ಣೀರು ಹಾಕುತ್ತಾರಂತೆ.

ಅವಳು ವಿಧೇಯಳಾಗಿ ತಲೆಯಾಡಿಸಿದಳು. ಏರ್‌ಪೋರ್ಟಿನ ದಾರಿಯಲ್ಲಿ ಕಸದ ತೊಟ್ಟಿಗಳಿಗೇನೂ ಬರವಿರಲಿಲ್ಲ.